ಸ್ಥೌಲ್ಯ ಶಸ್ತ್ರಚಿಕಿತ್ಸೆಯ ತರುವಾಯ ಆಹಾರದಲ್ಲಿ ಕೊಬ್ಬಿನ ಸ್ಥಾನ: ಒಂದು ಚಾರಿತ್ರಿಕ ವಿವೇಚನೆ

೧

ಕನ್ನಡದಲ್ಲಿ ‘ಕೊಬ್ಬು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು ದೇಹದ ಮೇದಸ್ಸು, ಇನ್ನೊಂದು ಸೊಕ್ಕು. ಸಂಸ್ಕೃತದಿಂದ ನಮಗೆ ಬಂದ ‘ಸ್ನೇಹ’ ಎಂಬ ಮಾತಿಗೂ ಎರಡು ಅರ್ಥಗಳು: ಒಂದು ಗೆಳೆತನ, ಇನ್ನೊಂದು ಎಣ್ಣೆ ತುಪ್ಪಗಳ ಜಿಡ್ಡು. ಒಂದೇ ಪದಾರ್ಥವನ್ನು ಕುರಿತು ನಮ್ಮ ನುಡಿಯು ಹೀಗೆ ನಿಂದೆಯನ್ನೂ ಆದರವನ್ನೂ ಒಟ್ಟಿಗೆ ಉಳಿಸಿಕೊಂಡು ಬಂದಿದೆ. ಕಳೆದ ನೂರು ವರ್ಷಗಳ ಆಹಾರವಿಜ್ಞಾನವೂ ಹೆಚ್ಚುಕಡಮೆ ಈ ಎರಡು ತೀರ್ಪುಗಳ ನಡುವೆಯೇ ತೂಗಾಡಿದೆ. ಈ ತೂಗಾಟದ ಫಲವನ್ನು ಇಂದು ತಮ್ಮ ಮೈಮೇಲೆ ಅನುಭವಿಸುತ್ತಿರುವವರಲ್ಲಿ, ತೂಕವಿಳಿಸಲು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮುಖ್ಯರು.

ಈ ವಿಚಾರವನ್ನು ಕೈಗೆತ್ತಿಕೊಳ್ಳಲು ನಮಗೆ ಪ್ರೇರಣೆಯಾದುದು ಗಣಿತಶಾಸ್ತ್ರದ ಹಿರಿಯ ಸಹೋದ್ಯೋಗಿಗಳೊಬ್ಬರ ಅನುಭವ. ಅತಿಸ್ಥೂಲಕಾಯದಿಂದಲೂ ಸಕ್ಕರೆ ಕಾಯಿಲೆಯಿಂದಲೂ ಬಹುಕಾಲ ಬಳಲಿದ ಅವರು, ಜಠರವನ್ನು ಕಿರಿದುಗೊಳಿಸಿ ಕರುಳಿನ ಮಾರ್ಗವನ್ನು ಬದಲಿಸುವ ಚಿಕಿತ್ಸೆಗೆ ಒಳಗಾದರು. ತೂಕ ಇಳಿಯತೊಡಗಿತು. ಗಣಿತಜ್ಞರಾದ ಅವರು ಊಟವನ್ನೂ ಲೆಕ್ಕಕ್ಕೆ ಒಳಪಡಿಸಿದರು. ಒಂದು ಗ್ರಾಂ ಸಸಾರಜನಕದಲ್ಲಿ ೪ ಕ್ಯಾಲರಿ, ಪಿಷ್ಟದಲ್ಲಿ ೪, ಕೊಬ್ಬಿನಲ್ಲಿ ೯. ಆದುದರಿಂದ ಮೊದಲು ಕಳೆಯಬೇಕಾದುದು ಕೊಬ್ಬನ್ನು. ಅಂದಿನಿಂದ ಅವರ ಬುತ್ತಿಯಲ್ಲಿ ಕೆನೆ ತೆಗೆದ ಹಾಲಿನ ಮಜ್ಜಿಗೆ, ಬೇಯಿಸಿದ ತರಕಾರಿ, ಒಗ್ಗರಣೆಯಿಲ್ಲದ ಬೇಳೆಯ ತಿಳಿ, ಇವಿಷ್ಟೇ. ನಾಲ್ಕನೆಯ ತಿಂಗಳಲ್ಲಿ ಒಂದು ರಾತ್ರಿ ಬಲಪಕ್ಕೆಯ ಕೆಳಗೆ ತೀವ್ರವಾದ ನೋವು ಕಾಣಿಸಿಕೊಂಡಿತು. ಪಿತ್ತಕೋಶದಲ್ಲಿ ಕಲ್ಲುಗಳಿರುವುದು ಪರೀಕ್ಷೆಯಿಂದ ತಿಳಿದುಬಂದು, ಕಡೆಗೆ ಆ ಅಂಗವನ್ನೇ ತೆಗೆಯಬೇಕಾಯಿತು. ಜಿಡ್ಡನ್ನು ಅಷ್ಟು ಕಟ್ಟುನಿಟ್ಟಾಗಿ ಬಿಡಬೇಕೆಂದು ಅವರಿಗೆ ಯಾವ ವೈದ್ಯರೂ ಹೇಳಿರಲಿಲ್ಲ. ಚೇತರಿಸಿಕೊಂಡು ಕಾಲೇಜಿಗೆ ಮರಳಿದ ದಿನ ಅವರು ನಮ್ಮನ್ನು ಕೇಳಿದರು: “ನೀವು ಚರಿತ್ರೆಯವರು. ಎಣ್ಣೆಗೆ ಇಷ್ಟು ಹೆದರಬೇಕೆಂದು ನಮಗೆ ಕಲಿಸಿದವರು ಯಾರು, ಹೇಳಿ ನೋಡೋಣ.”

ಪ್ರಶ್ನೆ ವಿನೋದದ ಧಾಟಿಯಲ್ಲಿದ್ದರೂ ಉತ್ತರ ಗಂಭೀರವಾದುದು. ನಾವು ವೈದ್ಯರಲ್ಲ, ಯಾರಿಗೂ ಪಥ್ಯವನ್ನು ವಿಧಿಸುವ ಅಧಿಕಾರ ನಮಗಿಲ್ಲ. ಆದರೆ ಒಂದು ಅಭಿಪ್ರಾಯವು ಹೇಗೆ ಹುಟ್ಟಿ, ಹೇಗೆ ಬೆಳೆದು, ಎಲ್ಲಿ ದಾರಿ ತಪ್ಪಿತು ಎಂಬುದನ್ನು ಆಧಾರಗಳಿಂದ ತೋರಿಸುವುದು ಚರಿತ್ರೆಯ ಅಧ್ಯಾಪಕನ ಕೆಲಸವೇ ಸರಿ. ಸ್ಥೌಲ್ಯ ಶಸ್ತ್ರಚಿಕಿತ್ಸೆಯ ಇತಿಹಾಸವನ್ನು ನೋಡಿದರೆ, ಕೊಬ್ಬನ್ನು ದೇಹದಿಂದ ಹೊರದೂಡುವ ಯತ್ನದಿಂದಲೇ ಅದು ಪ್ರಾರಂಭವಾಯಿತೆಂದೂ, ಆ ಯತ್ನದ ವೈಫಲ್ಯದಿಂದಲೇ ಕೊಬ್ಬಿನ ಅಗತ್ಯವನ್ನು ಅರಿಯಿತೆಂದೂ ಕಂಡುಬರುತ್ತದೆ. ಪ್ರಸ್ತುತ ಲೇಖನದ ಪ್ರತಿಪಾದನೆ ಇಷ್ಟೇ.

೨

ಕೊಬ್ಬು ಬರಿಯ ಉರುವಲು ಎಂಬ ಭಾವನೆ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಪ್ರಬಲವಾಗಿದ್ದಿತು. ಆ ಭಾವನೆಗೆ ಮೊದಲ ಪೆಟ್ಟು ಬಿದ್ದುದು ೧೯೧೩ರಲ್ಲಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಎಲ್ಮರ್ ಮೆಕಾಲಮ್ ಮತ್ತು ಮಾರ್ಗರೀಟ್ ಡೇವಿಸ್ ಎಂಬುವರು ಇಲಿಗಳಿಗೆ ಬೇರೆ ಬೇರೆ ಜಿಡ್ಡುಗಳನ್ನು ಉಣಿಸಿ ನೋಡಿದರು. ಹಂದಿಯ ಕೊಬ್ಬನ್ನೋ ಆಲಿವ್ ಎಣ್ಣೆಯನ್ನೋ ತಿಂದ ಇಲಿಗಳ ಬೆಳವಣಿಗೆ ನಿಂತುಹೋಯಿತು. ಬೆಣ್ಣೆಯ ಕೊಬ್ಬನ್ನು ತಿಂದವು ಬೆಳೆದುವು. ಬೆಣ್ಣೆಯಲ್ಲಿ ಕರಗಿದ್ದ ಆ ಅಜ್ಞಾತ ಪದಾರ್ಥವೇ ಮುಂದೆ ‘ಎ’ ಜೀವಸತ್ವವೆಂದು ಹೆಸರಾಯಿತು. ಹೀಗೆ ಕೊಬ್ಬು ಉರುವಲು ಮಾತ್ರವಲ್ಲ, ಬೇರೊಂದನ್ನು ಹೊತ್ತು ತರುವ ವಾಹನವೂ ಹೌದೆಂಬುದು ಸಿದ್ಧವಾಯಿತು.

ಎರಡನೆಯ ಹೆಜ್ಜೆ ಇನ್ನೂ ದೊಡ್ಡದು. ೧೯೨೯ರಲ್ಲಿ ಮಿನೆಸೋಟ ವಿಶ್ವವಿದ್ಯಾನಿಲಯದ ಜಾರ್ಜ್ ಬರ್ ಮತ್ತು ಅವರ ಪತ್ನಿ ಮಿಲ್‌ಡ್ರೆಡ್ ಬರ್ ಅವರು, ಬೇಕಾದ ಜೀವಸತ್ವಗಳನ್ನೆಲ್ಲ ಬೇರೆಯಾಗಿ ಒದಗಿಸಿ, ಕೊಬ್ಬನ್ನು ಮಾತ್ರ ಸಂಪೂರ್ಣವಾಗಿ ತೆಗೆದ ಆಹಾರವನ್ನು ಇಲಿಗಳಿಗೆ ಕೊಟ್ಟರು. ಅವುಗಳ ಚರ್ಮ ಹೊಪ್ಪಳೆಯೆದ್ದಿತು, ಬಾಲ ಒಣಗಿ ಹುಣ್ಣಾಯಿತು, ಮೂತ್ರಪಿಂಡಗಳು ಕೆಟ್ಟುವು, ಬೆಳವಣಿಗೆ ನಿಂತಿತು. ಕೆಲವೇ ಹನಿ ಕೊಬ್ಬನ್ನು ಸೇರಿಸಿದೊಡನೆ ಅವು ಚೇತರಿಸಿಕೊಂಡುವು. ಲಿನೋಲಿಕ್ ಆಮ್ಲವೆಂಬ ಕೊಬ್ಬಿನಾಮ್ಲವನ್ನು ದೇಹವು ತಾನಾಗಿ ತಯಾರಿಸಿಕೊಳ್ಳಲಾರದು, ಅದನ್ನು ಉಂಡೇ ಪಡೆಯಬೇಕು ಎಂಬ ತಿಳಿವಳಿಕೆ ಈ ಪರಿಶೋಧನೆಯಿಂದ ಬಂದುದು. ಮುಂದೆ ಆಲ್ಫಾ ಲಿನೋಲೆನಿಕ್ ಆಮ್ಲವೂ ಈ ಪಟ್ಟಿಗೆ ಸೇರಿತು. ಬಾಯಿಂದ ಉಣ್ಣಲಾಗದ ರೋಗಿಗಳಿಗೆ ಕೊಬ್ಬಿಲ್ಲದ ದ್ರವಾಹಾರವನ್ನು ರಕ್ತನಾಳದ ಮೂಲಕ ದೀರ್ಘಕಾಲ ಕೊಟ್ಟಾಗ ಮನುಷ್ಯರಲ್ಲಿಯೂ ಇಂತಹುದೇ ಚರ್ಮರೋಗ ಕಾಣಿಸಿಕೊಂಡುದರಿಂದ, ಇದು ಇಲಿಗಳಿಗೆ ಮಾತ್ರ ಸಲ್ಲುವ ಮಾತಲ್ಲವೆಂಬುದು ೧೯೭೦ರ ದಶಕದ ವೇಳೆಗೆ ನಿಸ್ಸಂದೇಹವಾಯಿತು.

೩

ಇತಿಹಾಸದ ಒಂದು ವಿಚಿತ್ರವನ್ನು ಇಲ್ಲಿ ಗಮನಿಸಬೇಕು. ಕೊಬ್ಬು ಅನಿವಾರ್ಯವೆಂದು ತೋರಿಸಿಕೊಟ್ಟ ಅದೇ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ, ೨೫ ವರ್ಷಗಳ ನಂತರ, ಕೊಬ್ಬು ಮೈಗೆ ಹತ್ತದಂತೆ ಮಾಡುವ ಶಸ್ತ್ರಕ್ರಿಯೆಯ ಬೀಜ ಬಿದ್ದಿತು. ೧೯೫೪ರಲ್ಲಿ ಆರ್ನಲ್ಡ್ ಕ್ರೆಮೆನ್, ಜಾನ್ ಲಿನ್ನರ್ ಮತ್ತು ಚಾರ್ಲ್ಸ್ ನೆಲ್ಸನ್ ಎಂಬ ಶಸ್ತ್ರವೈದ್ಯರು ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಸಣ್ಣ ಕರುಳಿನ ಮೇಲಿನ ಅರ್ಧವನ್ನು ಆಹಾರದ ಮಾರ್ಗದಿಂದ ಬಿಟ್ಟರೂ ಪ್ರಾಣಿಗಳು ತೂಕವನ್ನು ಕಾಯ್ದುಕೊಳ್ಳುತ್ತಿದ್ದುವು. ಕೆಳಗಿನ ಅರ್ಧವನ್ನು ಬಿಟ್ಟರೆ ಮಾತ್ರ ಕೊಬ್ಬಿನ ಹೀರಿಕೆ ತೀವ್ರವಾಗಿ ಕುಂದಿ ಅವು ಸೊರಗುತ್ತಿದ್ದುವು. ಕರುಳಿನ ಯಾವ ಭಾಗ ಪೋಷಣೆಗೆ ಎಷ್ಟು ಮುಖ್ಯ ಎಂಬುದು ಅವರ ಮೂಲ ಪ್ರಶ್ನೆ. ಆದರೆ ಆ ಉತ್ತರವನ್ನೇ ತಿರುಗಿಸಿ, ಬೇಡವಾದ ಮೈಯನ್ನು ಕರಗಿಸಲು ಬಳಸಬಹುದಲ್ಲವೆ ಎಂಬ ಆಲೋಚನೆಯೂ ಅದೇ ಕಾಲದಲ್ಲಿ ಹುಟ್ಟಿತು.

ಮುಂದಿನ ಎರಡು ದಶಕಗಳಲ್ಲಿ ಈ ಆಲೋಚನೆ ವ್ಯಾಪಕವಾಗಿ ಆಚರಣೆಗೆ ಬಂದಿತು. ಲಾಸ್ ಏಂಜಲಿಸ್‌ನ ಪೇನ್ ಮತ್ತು ಡಿವಿಂಡ್ ಎಂಬುವರು ೧೯೬೯ರಲ್ಲಿ ಪ್ರಕಟಿಸಿದ ಕ್ರಮದಲ್ಲಿ, ಸಣ್ಣ ಕರುಳಿನ ಮೊದಲಿನ ಸುಮಾರು ೩೫ ಸೆಂಟಿಮೀಟರನ್ನು ಕೊನೆಯ ಸುಮಾರು ೧೦ ಸೆಂಟಿಮೀಟರಿಗೆ ನೇರವಾಗಿ ಜೋಡಿಸಲಾಗುತ್ತಿತ್ತು. ಹಲವು ಮೀಟರು ಉದ್ದದ ಕರುಳಿನಲ್ಲಿ ಆಹಾರ ಹಾಯುವ ದಾರಿ ಅರ್ಧ ಮೀಟರಿಗೂ ಕಡಮೆಯಾಯಿತು. ರೋಗಿಯು ಮನಸ್ಸು ಬಂದಷ್ಟು ಉಣ್ಣಬಹುದು, ಉಂಡ ಜಿಡ್ಡು ಮಲದಲ್ಲಿ ಹೋಗುತ್ತದೆ, ತೂಕ ಇಳಿಯುತ್ತದೆ.

ತೂಕವೇನೋ ಇಳಿಯಿತು. ಆದರೆ ಅದರೊಡನೆ ನಿಲ್ಲದ ಭೇದಿ, ಕೊಬ್ಬಿನಲ್ಲಿ ಕರಗುವ ಜೀವಸತ್ವಗಳ ಕೊರತೆ, ಕೀಲುನೋವು, ಮೂತ್ರಪಿಂಡದ ಕಲ್ಲು ಇವುಗಳೂ ಬಂದುವು. ಕೆಲವರ ಯಕೃತ್ತು ಸಂಪೂರ್ಣವಾಗಿ ಕೆಟ್ಟು ಪ್ರಾಣಕ್ಕೇ ಮುಳುವಾಯಿತು. ಅನೇಕರಿಗೆ ಮತ್ತೊಮ್ಮೆ ಹೊಟ್ಟೆ ತೆರೆದು ಕರುಳನ್ನು ಮೊದಲಿನಂತೆ ಜೋಡಿಸಬೇಕಾಯಿತು. ೧೯೮೦ರ ದಶಕದ ಆದಿಯ ವೇಳೆಗೆ ಈ ಪದ್ಧತಿಯನ್ನು ವೈದ್ಯಲೋಕ ಕೈಬಿಟ್ಟಿತು.

ಮೂತ್ರಪಿಂಡದ ಕಲ್ಲಿನ ಕಾರಣವನ್ನು ವಿವರಿಸುವುದು ಉಚಿತ. ಹೀರಿಕೆಯಾಗದೆ ಉಳಿದ ಕೊಬ್ಬಿನಾಮ್ಲಗಳು ಕರುಳಿನಲ್ಲಿ ಸುಣ್ಣದ ಅಂಶದೊಡನೆ, ಎಂದರೆ ಕ್ಯಾಲ್ಸಿಯಮ್ಮಿನೊಡನೆ, ಕೂಡಿ ಕರಗದ ಸಾಬೂನಾಗುತ್ತವೆ. ಪಾಲಕ್ ಸೊಪ್ಪು ಮೊದಲಾದ ಆಹಾರದಲ್ಲಿರುವ ಆಕ್ಸಲೇಟನ್ನು ಸಾಮಾನ್ಯವಾಗಿ ಹಿಡಿದಿಟ್ಟು ಮಲದಲ್ಲಿ ಹೊರಗೊಯ್ಯುವುದು ಇದೇ ಕ್ಯಾಲ್ಸಿಯಂ. ಅದು ಸಾಬೂನಿನಲ್ಲಿ ಸಿಕ್ಕಿಕೊಂಡ ಮೇಲೆ ಆಕ್ಸಲೇಟು ಬಿಡುಗಡೆ ಹೊಂದಿ, ದೊಡ್ಡ ಕರುಳಿನಿಂದ ರಕ್ತಕ್ಕೆ ಸೇರಿ, ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ. ಕೊಬ್ಬು ಹೀರಿಕೆಯಾಗದಿದ್ದರೆ ತಾನೊಂದೇ ಹೊರಗೆ ಹೋಗುವುದಿಲ್ಲ. ಬೇಕಾದುದನ್ನೂ ಜೊತೆಯಲ್ಲಿ ಒಯ್ಯುತ್ತದೆ. ಈ ಪಾಠ ಇಂದಿಗೂ ಸಲ್ಲುತ್ತದೆ.

೪

ಬೇರೊಂದು ದಾರಿ ೧೯೬೬ರಲ್ಲಿ ತೆರೆಯಿತು. ಅಯೋವ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು, ಹುಣ್ಣಿನ ಕಾರಣದಿಂದ ಜಠರದ ಬಹುಭಾಗವನ್ನು ಕಳೆದುಕೊಂಡವರು ಮತ್ತೆ ಮೈತುಂಬಿಕೊಳ್ಳಲು ಕಷ್ಟಪಡುವುದನ್ನು ಗಮನಿಸಿದ್ದರು. ಅವರೂ ಚಿಕಾಶಿ ಇಟೊ ಎಂಬುವರೂ ಜಠರದ ಮೇಲ್ಭಾಗದಲ್ಲಿ ಒಂದು ಚಿಕ್ಕ ಚೀಲವನ್ನು ಬೇರ್ಪಡಿಸಿ ಅದನ್ನು ಸಣ್ಣ ಕರುಳಿಗೆ ಜೋಡಿಸುವ ಕ್ರಮವನ್ನು ೧೯೬೭ರಲ್ಲಿ ಪ್ರಕಟಿಸಿದರು. ‘ಗ್ಯಾಸ್ಟ್ರಿಕ್ ಬೈಪಾಸ್’ ಎಂದು ಇಂದು ಪ್ರಸಿದ್ಧವಾಗಿರುವ ಚಿಕಿತ್ಸೆಯ ಮೂಲ ಇದು. ಹಲವು ತಿದ್ದುಪಡಿಗಳ ತರುವಾಯ ಈಗ ಆ ಚೀಲ ಸುಮಾರು ೩೦ ಮಿಲಿಲೀಟರು ಹಿಡಿಯುವಷ್ಟಿರುತ್ತದೆ. ಇಲ್ಲಿ ತೂಕ ಇಳಿಯುವುದು ಬಹುಪಾಲು ಕಡಮೆ ಉಣ್ಣುವುದರಿಂದ, ಹಾಗೂ ಹಸಿವೆ ತೃಪ್ತಿಗಳ ಸಂಕೇತಗಳು ಬದಲಾಗುವುದರಿಂದ. ಕೊಬ್ಬಿನ ಹೀರಿಕೆ ಕುಂದುವುದು ಸ್ವಲ್ಪಮಟ್ಟಿಗೆ ಮಾತ್ರ.

ಇಟಲಿಯ ಜಿನೋವದಲ್ಲಿ ನಿಕೋಲ ಸ್ಕೋಪಿನಾರೊ ಅವರು ೧೯೭೦ರ ದಶಕದಲ್ಲಿ ರೂಪಿಸಿದ ಕ್ರಮ ಹಳೆಯ ಆಲೋಚನೆಯನ್ನೇ ಸುಧಾರಿಸಿ ಉಳಿಸಿಕೊಂಡಿತು. ಅದರಲ್ಲಿ ಆಹಾರವೂ ಪಿತ್ತರಸವೂ ಕೂಡುವುದು ಕರುಳಿನ ಕೊನೆಯ ೫೦ ಸೆಂಟಿಮೀಟರಿನಲ್ಲಿ ಮಾತ್ರ. ಇದರಿಂದ ಬೆಳೆದ ‘ಡ್ಯುಯೊಡಿನಲ್ ಸ್ವಿಚ್’ ಎಂಬ ಕ್ರಮದ ಒಂದು ಅಂಗವಾಗಿದ್ದ, ಜಠರದ ಮುಕ್ಕಾಲು ಪಾಲನ್ನು ನೀಳವಾಗಿ ಕತ್ತರಿಸಿ ತೆಗೆಯುವ ‘ಸ್ಲೀವ್’ ಚಿಕಿತ್ಸೆ ಮುಂದೆ ಸ್ವತಂತ್ರವಾಗಿ ನಿಂತು, ಈಗ ಜಗತ್ತಿನಲ್ಲಿ ಅತಿ ಹೆಚ್ಚಾಗಿ ನಡೆಯುವ ಸ್ಥೌಲ್ಯ ಶಸ್ತ್ರಚಿಕಿತ್ಸೆಯಾಗಿದೆ. ಸ್ಲೀವಿನಲ್ಲಿ ಕರುಳನ್ನು ಮುಟ್ಟುವುದಿಲ್ಲ. ಕೊಬ್ಬು ಎಂದಿನಂತೆಯೇ ಹೀರಿಕೆಯಾಗುತ್ತದೆ. ಆದುದರಿಂದ ‘ಶಸ್ತ್ರಚಿಕಿತ್ಸೆಯಾದವರು ಎಷ್ಟು ಕೊಬ್ಬು ತಿನ್ನಬಹುದು?’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಚಿಕಿತ್ಸೆ ಎಂಬುದನ್ನು ಮೊದಲು ಕೇಳಬೇಕು.

೫

ಆದರೂ ಎಲ್ಲರಿಗೂ ಸಮಾನವಾದ ಕೆಲವು ಸಂಗತಿಗಳಿವೆ. ಮೊದಲನೆಯದು ಪಿತ್ತಕೋಶಕ್ಕೆ ಸಂಬಂಧಿಸಿದುದು. ತೂಕ ಬೇಗನೆ ಇಳಿಯುವಾಗ ದೇಹದ ಕೊಬ್ಬಿನಿಂದ ಹೊರಬಿದ್ದ ಕೊಲೆಸ್ಟರಾಲು ಪಿತ್ತರಸವನ್ನು ಸೇರಿ ಅದನ್ನು ಸಾಂದ್ರಗೊಳಿಸುತ್ತದೆ. ಪಿತ್ತಕೋಶ ಆಗಾಗ ಬರಿದಾಗುತ್ತಿದ್ದರೆ ಬಾಧೆಯಿಲ್ಲ. ತಟಸ್ಥವಾಗಿ ನಿಂತರೆ ಕಲ್ಲು ಕಟ್ಟುತ್ತದೆ. ಅದನ್ನು ಹಿಂಡಿ ಬರಿದುಮಾಡುವ ಹಾರ್ಮೋನನ್ನು ಐವಿ ಮತ್ತು ಓಲ್ಡ್‌ಬರ್ಗ್ ಎಂಬುವರು ೧೯೨೮ರಲ್ಲಿ ಗುರುತಿಸಿದರು. ಆ ಹಾರ್ಮೋನು ಹೊರಡಲು ಕರುಳಿಗೆ ಕೊಬ್ಬಿನ ಸ್ಪರ್ಶ ಬೇಕು. ೧೯೯೮ರಲ್ಲಿ ಇಟಲಿಯ ವೈದ್ಯರು ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ತೂಕವಿಳಿಸುವ ಅತ್ಯಲ್ಪಾಹಾರದೊಡನೆ ದಿನಕ್ಕೆ ಸುಮಾರು ೩ ಗ್ರಾಂ ಕೊಬ್ಬು ಪಡೆದ ೧೧ ಮಂದಿಯಲ್ಲಿ ೬ ಮಂದಿಗೆ ಕಲ್ಲುಗಳಾದುವು. ಸುಮಾರು ೧೨ ಗ್ರಾಂ ಪಡೆದವರಲ್ಲಿ ಒಬ್ಬರಿಗೂ ಆಗಲಿಲ್ಲ. ಪರೀಕ್ಷೆ ಚಿಕ್ಕದು, ಶಸ್ತ್ರಚಿಕಿತ್ಸೆಯಾದವರ ಮೇಲೆ ನಡೆದುದೂ ಅಲ್ಲ. ಕೊಬ್ಬು ತಿಂದ ಮಾತ್ರಕ್ಕೆ ಕಲ್ಲು ತಪ್ಪುತ್ತದೆಂದು ಇದರಿಂದ ಸಾಧಿಸಲಾಗದು. ಬೈಪಾಸ್ ಆದವರಿಗೆ ವೈದ್ಯರು ಅರ್ಸೊಡಿಯಾಕ್ಸಿಕೋಲಿಕ್ ಆಮ್ಲವೆಂಬ ಔಷಧವನ್ನು ಕೊಡುವುದುಂಟು. ೧೯೯೫ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಆರು ತಿಂಗಳ ಕಾಲ ದಿನಕ್ಕೆ ೬೦೦ ಮಿಲಿಗ್ರಾಂ ಸೇವಿಸಿದವರಲ್ಲಿ ಶೇಕಡ ೨ ಮಂದಿಗೂ, ಬರಿಯ ಹುಸಿಮಾತ್ರೆ ನುಂಗಿದವರಲ್ಲಿ ಶೇಕಡ ೩೨ ಮಂದಿಗೂ ಕಲ್ಲುಗಳು ಕಂಡುಬಂದುವು. ಔಷಧದ ಸ್ಥಾನ ಔಷಧಕ್ಕೆ. ಆದರೆ ಜಿಡ್ಡನ್ನು ಪೂರ್ಣವಾಗಿ ವರ್ಜಿಸುವುದು ರಕ್ಷೆಯಲ್ಲ, ಅಪಾಯ ಎಂಬುದಂತೂ ಸ್ಪಷ್ಟ.

ಎರಡನೆಯದು ಜೀವಸತ್ವಗಳು. ಎ, ಡಿ, ಇ, ಕೆ ಈ ನಾಲ್ಕೂ ಕೊಬ್ಬಿನಲ್ಲಿ ಕರಗಿ ಕೊಬ್ಬಿನೊಡನೆಯೇ ಒಳಸೇರತಕ್ಕವು. ಸ್ಕೋಪಿನಾರೊ ಕ್ರಮದಂತಹ ಚಿಕಿತ್ಸೆಗಳ ಅನಂತರ ‘ಎ’ ಜೀವಸತ್ವದ ಕೊರತೆಯಿಂದ ಇರುಳುಗುರುಡು ಬಂದ ನಿದರ್ಶನಗಳು ವೈದ್ಯಗ್ರಂಥಗಳಲ್ಲಿವೆ. ವೈದ್ಯರು ವಿಧಿಸಿದ ಜೀವಸತ್ವದ ಗುಳಿಗೆಗಳನ್ನು ಬಿಡದೆ ಸೇವಿಸುವುದೂ, ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸುವುದೂ ಆದುದರಿಂದಲೇ ಅವಶ್ಯ. ಮೂರನೆಯದು ಬರ್ ದಂಪತಿಗಳು ಕಂಡ ಅನಿವಾರ್ಯ ಕೊಬ್ಬಿನಾಮ್ಲಗಳು.

ಇದಕ್ಕೆ ಎದುರು ಮುಖವೂ ಉಂಟು. ಕರಿದ ತಿಂಡಿಗಳನ್ನು ತಿಂದರೆ ಚಿಕಿತ್ಸೆಯಾದವರಲ್ಲಿ ಅನೇಕರಿಗೆ ಓಕರಿಕೆ, ಹೊಟ್ಟೆನುಲಿತ, ಜಿಡ್ಡುಭೇದಿ ಆಗುವುದುಂಟು. ಸ್ಲೀವ್ ಆದವರಿಗೆ ಎದೆಯುರಿ ಹೆಚ್ಚಬಹುದು. ಇದಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ. ಅರ್ಧ ಚಪಾತಿಯನ್ನು ನುಂಗಲಾರದ ಪುಟ್ಟ ಜಠರವು ಸಂಡಿಗೆಯನ್ನೋ ಚಕ್ಕುಲಿಯನ್ನೋ ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಬಾಯಲ್ಲಿಯೇ ಕರಗಿ ಜಾರುವ ಇಂತಹ ತಿನಿಸುಗಳಿಂದ ಹೊಟ್ಟೆ ತುಂಬುವುದಿಲ್ಲ. ಕ್ಯಾಲರಿ ಮಾತ್ರ ತುಂಬುತ್ತದೆ. ಇಳಿದ ತೂಕ ಮರಳಿ ಏರುವ ಹಾದಿಗಳಲ್ಲಿ ಇದೊಂದು.

೬

ಹಾಗಾದರೆ ಭಯ ಎಲ್ಲಿಂದ ಬಂದಿತು? ಅದರ ಮೂಲವನ್ನು ಹುಡುಕಲು ಮತ್ತೆ ಮಿನೆಸೋಟಕ್ಕೇ ಹೋಗಬೇಕು. ಅಲ್ಲಿನ ಶರೀರವಿಜ್ಞಾನಿ ಆನ್ಸೆಲ್ ಕೀಸ್ ಅವರು ೧೯೫೮ರಲ್ಲಿ ಪ್ರಾರಂಭಿಸಿದ ಏಳು ದೇಶಗಳ ಅಧ್ಯಯನವು ಆಹಾರಕ್ಕೂ ಹೃದ್ರೋಗಕ್ಕೂ ಇರುವ ಸಂಬಂಧವನ್ನು ಅರಸಿತು. ದೇಶಗಳ ಆಯ್ಕೆಯನ್ನು ಕುರಿತು ಮುಂದೆ ಆಕ್ಷೇಪಗಳು ಬಂದುವೆಂಬುದನ್ನು ಇಲ್ಲಿ ಹೇಳಬೇಕು. ಆದರೂ ಅದರ ಒಂದು ಫಲಿತಾಂಶ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಪೂರ್ವ ಫಿನ್ಲೆಂಡಿನವರೂ ಗ್ರೀಸಿನ ಕ್ರೀಟ್ ದ್ವೀಪದವರೂ ತಿನ್ನುತ್ತಿದ್ದ ಒಟ್ಟು ಕೊಬ್ಬು ಹೆಚ್ಚುಕಡಮೆ ಸಮಾನ. ಎರಡೆಡೆಯೂ ಆಹಾರದ ಶಕ್ತಿಯಲ್ಲಿ ಶೇಕಡ ೪೦ರ ಸಮೀಪ. ಫಿನ್ಲೆಂಡಿನಲ್ಲಿ ಹೃದ್ರೋಗದ ಮರಣಗಳು ವಿಪರೀತ, ಕ್ರೀಟಿನಲ್ಲಿ ಅತ್ಯಲ್ಪ. ಅಲ್ಲಿ ಬೆಣ್ಣೆ ಮತ್ತು ಕೆನೆಹಾಲು, ಇಲ್ಲಿ ಆಲಿವ್ ಎಣ್ಣೆ. ಎಂದ ಮೇಲೆ ಪ್ರಶ್ನೆ ಎಷ್ಟು ಎಂಬುದಕ್ಕಿಂತ ಯಾವುದು ಎಂಬುದು.

ಈ ಸೂಕ್ಷ್ಮ ಜನಸಾಮಾನ್ಯರವರೆಗೆ ಬರುವಷ್ಟರಲ್ಲಿ ಕಳೆದುಹೋಯಿತು. ೧೯೭೭ರಲ್ಲಿ ಜಾರ್ಜ್ ಮೆಕ್‌ಗವರ್ನ್ ಅವರ ಅಧ್ಯಕ್ಷತೆಯ ಅಮೆರಿಕದ ಸೆನೆಟ್ ಸಮಿತಿಯು ಆಹಾರದ ಗುರಿಗಳನ್ನು ಪ್ರಕಟಿಸಿ, ಕೊಬ್ಬನ್ನು ಒಟ್ಟು ಶಕ್ತಿಯ ಶೇಕಡ ೪೦ರಿಂದ ೩೦ಕ್ಕೆ ಇಳಿಸಬೇಕೆಂದಿತು. ಸಮಿತಿ ಹೇಳಿದುದು ಮೂವತ್ತು. ಜನ ಕೇಳಿಸಿಕೊಂಡುದು ಸೊನ್ನೆ. ‘ಕೊಬ್ಬುರಹಿತ’ ಎಂಬ ಚೀಟಿಯನ್ನು ಅಂಟಿಸಿಕೊಂಡ ಪೊಟ್ಟಣಗಳು ಅಂಗಡಿಗಳನ್ನು ತುಂಬಿದುವು; ಅವುಗಳಲ್ಲಿ ಹಲವದರಲ್ಲಿ ಜಿಡ್ಡಿನ ಸ್ಥಾನವನ್ನು ಸಕ್ಕರೆ ಆಕ್ರಮಿಸಿತು. ನಮ್ಮ ಸಹೋದ್ಯೋಗಿಗಳ ಪ್ರಶ್ನೆಗೆ ಉತ್ತರ ಇದು. ಎಣ್ಣೆಗೆ ಹೆದರಲು ಕಲಿಸಿದವರು ವಿಜ್ಞಾನಿಗಳೆನ್ನುವುದಕ್ಕಿಂತ, ಅವರ ಮಾತನ್ನು ಘೋಷಣೆಯನ್ನಾಗಿ ಮೊಟಕುಗೊಳಿಸಿದ ಕಾಲವೆನ್ನಬೇಕು.

೭

ಈಗ ಆ ಮೂವತ್ತನ್ನೇ ಇಟ್ಟುಕೊಂಡು ಲೆಕ್ಕ ಮಾಡೋಣ. ಚಿಕಿತ್ಸೆಯಾದ ಕೆಲವು ತಿಂಗಳಲ್ಲಿ ಒಬ್ಬರು ದಿನಕ್ಕೆ ೯೦೦ ಕ್ಯಾಲರಿಯಷ್ಟು ಉಣ್ಣುತ್ತಾರೆಂದು ಭಾವಿಸಿದರೆ, ಅದರ ಶೇಕಡ ೩೦ ಎಂದರೆ ೨೭೦ ಕ್ಯಾಲರಿ. ಒಂಬತ್ತರಿಂದ ಭಾಗಿಸಿದರೆ ೩೦ ಗ್ರಾಂ ಕೊಬ್ಬು. ಇದರಲ್ಲಿ ಕಣ್ಣಿಗೆ ಕಾಣದ ಜಿಡ್ಡೂ ಸೇರಬೇಕು. ಶೇಕಡ ೩ ಕೊಬ್ಬಿರುವ ಟೋನ್ಡ್ ಹಾಲು ೨೦೦ ಮಿಲಿಲೀಟರಿನಲ್ಲಿ ೬ ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು ೫, ಹತ್ತು ಬಾದಾಮಿಯಲ್ಲಿ ಸುಮಾರು ೬, ಅಡುಗೆಗೆ ಎರಡು ಟೀ ಚಮಚ ಎಣ್ಣೆಯಲ್ಲಿ ಸುಮಾರು ೯, ಒಟ್ಟು ೨೬. ಬೇಳೆ ಧಾನ್ಯಗಳಲ್ಲಿರುವ ಅಲ್ಪಸ್ವಲ್ಪವನ್ನು ಕೂಡಿದರೆ ಲೆಕ್ಕ ಸರಿಹೋಗುತ್ತದೆ. ಒಗ್ಗರಣೆಯನ್ನು ಬಿಡಬೇಕಾಗಿಲ್ಲ, ಸೌಟಿನ ಬದಲು ಚಮಚ ಹಿಡಿಯಬೇಕು, ಅಷ್ಟೆ. ಊಟದಲ್ಲಿ ಅಗ್ರಸ್ಥಾನ ಮಾತ್ರ ಸಸಾರಜನಕಕ್ಕೆ. ದಿನಕ್ಕೆ ಕಡೆಯ ಪಕ್ಷ ೬೦ ಗ್ರಾಂ ಎಂಬುದು ಸಾಮಾನ್ಯವಾದ ಸಲಹೆ. ಮೊಟ್ಟೆ, ಮೀನು, ಬೀಜಗಳಂತಹ ಆಹಾರಗಳಲ್ಲಿ ಸಸಾರಜನಕವೂ ಒಳ್ಳೆಯ ಕೊಬ್ಬೂ ಜೊತೆಯಾಗಿಯೇ ದೊರೆಯುವುದು ಅನುಕೂಲ.

ಯಾವ ಕೊಬ್ಬು ಎಂಬುದಕ್ಕೆ ಕ್ರೀಟಿನ ಆಲಿವ್ ಎಣ್ಣೆಯೇ ಬೇಕೆಂಬ ನಿಯಮವಿಲ್ಲ. ಹೃದಯಕ್ಕೆ ಹಿತವೆನಿಸಿದ ಅಪರ್ಯಾಪ್ತ ಕೊಬ್ಬು ನಮ್ಮ ಗಾಣಗಳಿಗೆ ಹೊಸದಲ್ಲ. ಕಡಲೆಕಾಯಿ ಎಣ್ಣೆಯಲ್ಲಿಯೂ ಎಳ್ಳೆಣ್ಣೆಯಲ್ಲಿಯೂ ಇದೇ ಪ್ರಧಾನ. ಹುಚ್ಚೆಳ್ಳಿನ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಹೇರಳವಾಗಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಯೊಡನೆ ಬಡಿಸುವ ಅಗಸೆ ಚಟ್ನಿಪುಡಿಯಲ್ಲಿ ಆಲ್ಫಾ ಲಿನೋಲೆನಿಕ್ ಆಮ್ಲವಿದೆ. ಕರಾವಳಿಯ ಬೂತಾಯಿ ಬಂಗುಡೆಗಳಲ್ಲಿ ಮೀನಿಗೇ ವಿಶಿಷ್ಟವಾದ ಒಮೆಗಾ-೩ ಕೊಬ್ಬುಗಳಿವೆ. ತುಪ್ಪ ಮತ್ತು ತೆಂಗಿನೆಣ್ಣೆಗಳಲ್ಲಿ ಪರ್ಯಾಪ್ತ ಕೊಬ್ಬೇ ಹೆಚ್ಚು; ತೆಂಗಿನೆಣ್ಣೆಯಲ್ಲಿ ಅದು ಶೇಕಡ ೯೦ರ ಸಮೀಪ. ಇವು ರುಚಿಗೆ ತಕ್ಕಷ್ಟು ಮಾತ್ರ ಇರಲಿ. ವನಸ್ಪತಿಯ ಜಡಗಟ್ಟಿದ ಕೊಬ್ಬಿನಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬಿಗೆ ೨೦೨೨ರಿಂದ ನಮ್ಮ ದೇಶದಲ್ಲಿ ಶೇಕಡ ೨ರ ಮಿತಿಯನ್ನು ಗೊತ್ತುಮಾಡಲಾಗಿದೆ; ಅದನ್ನು ದೂರವಿಡುವುದೇ ಲೇಸು.

ಕಾಲಕ್ರಮವನ್ನೂ ಮರೆಯಬಾರದು. ಚಿಕಿತ್ಸೆಯಾದ ಮೊದಲ ವಾರಗಳಲ್ಲಿ ದ್ರವ, ಅನಂತರ ನುಣ್ಣಗೆ ಅರೆದುದು, ಅನಂತರ ಮೆತ್ತನೆಯದು, ಹೀಗೆ ಹಂತಹಂತವಾಗಿ ಮುಂದುವರಿಯಬೇಕು. ಇಡಿಯ ಬೀಜಗಳನ್ನು ಅವಸರದಿಂದ ತಿನ್ನಲಾಗದು. ನೆನೆಸಿ ಅರೆದ ಬಾದಾಮಿ, ನಯವಾಗಿ ರುಬ್ಬಿದ ಕಡಲೆಬೀಜದ ಚಟ್ನಿ ಇವು ವೈದ್ಯರ ಅನುಮತಿ ದೊರೆತ ಬಳಿಕ ಬರತಕ್ಕವು. ಹೀರಿಕೆಯನ್ನು ಬಹಳ ಕುಗ್ಗಿಸುವ ಚಿಕಿತ್ಸೆಯಾದವರು ಮೇಲಿನ ಲೆಕ್ಕವನ್ನು ತಮ್ಮ ವೈದ್ಯರಿಗೂ ಆಹಾರತಜ್ಞರಿಗೂ ತೋರಿಸದೆ ಅನುಸರಿಸಬಾರದು.

೮

ಒಂದು ವಿಶ್ವವಿದ್ಯಾನಿಲಯದ ಆವರಣದಲ್ಲಿಯೇ ಕೊಬ್ಬು ಅನಿವಾರ್ಯವೆಂಬ ಶೋಧವೂ, ಕೊಬ್ಬನ್ನು ತಡೆಯಬಹುದೆಂಬ ಶೋಧವೂ, ಕೊಬ್ಬಿನಲ್ಲಿ ಬಗೆಗಳುಂಟೆಂಬ ಶೋಧವೂ ಮೂರು ದಶಕಗಳ ಅವಧಿಯಲ್ಲಿ ಹೊರಬಂದುವು. ಈ ಮೂರನ್ನೂ ಒಟ್ಟಿಗೆ ಓದಿದವರಿಗೆ ದಾರಿ ನೇರವಾಗಿದೆ. ಒಂದನ್ನು ಮಾತ್ರ ಹಿಡಿದವರು ಎಡವಿದ್ದಾರೆ. ಆಧಾರಗಳಲ್ಲಿ ತಮಗೆ ಒಪ್ಪುವ ಒಂದನ್ನೇ ಆರಿಸಿಕೊಂಡು ಚರಿತ್ರೆ ಬರೆಯಬಾರದೆಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದುಂಟು. ಊಟದ ತಟ್ಟೆಯ ಮುಂದೆಯೂ ಆ ಮಾತು ಸಲ್ಲುತ್ತದೆ.

ಗಣಿತದ ನಮ್ಮ ಹಿರಿಯರ ಬುತ್ತಿಯಲ್ಲಿ ಈಗ ಬೇಳೆಗೆ ಒಗ್ಗರಣೆ ಇರುತ್ತದೆ. ಈ ಲೇಖನದ ಕರಡನ್ನು ಓದಿ ಅವರು ಹೇಳಿದ ಮಾತನ್ನು ಇಲ್ಲಿ ದಾಖಲಿಸುತ್ತೇವೆ: “ನನ್ನ ಕೂಡುವ ಕಳೆಯುವ ಲೆಕ್ಕ ತಪ್ಪಿರಲಿಲ್ಲ. ಸಮೀಕರಣದಲ್ಲಿ ಇರಬೇಕಾದ ಪದಗಳನ್ನೇ ನಾನು ಬಿಟ್ಟಿದ್ದೆ.”